ಒಣ ಹಾಸಿಗೆಯ ಪಂಥ

ಅಮಿತನ ಮಾನ ಹೋಗಲು ಕಾರಣವಾದದ್ದು ಒಂದು ಡೈಪರ್. ಅದೂ ಅವನದಲ್ಲ, ಒಂದೂವರೆ ವರ್ಷದ ಮಗ ಯುವರಾಜನದು.

ಬನಹಟ್ಟಿಯಲ್ಲಿ ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯುವ ಅಮಿತ, ಹೆಂಡತಿ ಮಗನನ್ನು ಕರೆದೊಯ್ಯಲು ಮುಧೋಳದ ಮಾವನ ಮನೆಗೆ ಬಂದಿದ್ದ. ಬೇಸಿಗೆಗೆಂದು ತವರಿಗೆ ಬಂದ ವಂದನಾ ಮಳೆಗಾಲ ಶುರುವಾದರೂ ಹೊರಟಿರಲಿಲ್ಲ. ಮನೆಯಲ್ಲಿ ಮಗ್ಗಗಳು ಎಷ್ಟು ಗದ್ದಲ ಮಾಡಿದರೂ ಅಮಿತನಿಗೆ ಮನೆ ಖಾಲಿ ಅನಿಸುತ್ತಿತ್ತು. ಖಾನಾವಳಿಯ ಊಟ ಸಾಕಾಗಿತ್ತು. ಮಗನ ಮುಖವಂತೂ ಮೊಬೈಲಿನಲ್ಲಿ ಮಾತ್ರ ಕಾಣುತ್ತಿತ್ತು, ಅದೂ ಅರ್ಧ ಹೊತ್ತು ಮೂಗಿನ ಹೊಳ್ಳೆಗಳಷ್ಟೇ.

ಆದರೆ ಅತ್ತೆ ಭಾಗವ್ವ ರೊಟ್ಟಿ ಬಡಿಸುತ್ತಲೇ ತೀರ್ಪು ಕೊಟ್ಟುಬಿಟ್ಟಳು.

"ಕೂಸು ಇನ್ನೂ ದಿನಾ ಹಾಸಗಿ ತೋಯಿಸ್ತೈತಿ. ನಿಮ್ಮ ಮನ್ಯಾಗ ಮಗ್ಗ ಬಿಟ್ರ ಯಾರಿಗಿ ಏನ ಖಬರ ಇರ್ತೈತ್ರಿ? ಹಸಿ ಹಾಸಗ್ಯಾಗ ಮಲಗಿ ನೆಗಡಿ ಹತ್ತಿದ್ರ? ದೀಪಾವಳಿ ತನಕ ಇಬ್ಬರೂ ಇಲ್ಲೇ ಇರಲಿ."

ಅಮಿತ ಸುಮ್ಮನಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಹೆಪ್ಪು ಕೇಳಲು ಬಂದಿದ್ದ ಪಕ್ಕದ ಮನೆಯ ಕಾಂಚನಾ, ಹೆಪ್ಪು ಸಿಕ್ಕ ಮೇಲೂ ಬಟ್ಟಲು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಮಾವ ಜಕ್ಕಪ್ಪ ಮೀಸೆಯ ಮೇಲೆ ಕೈ ಇಟ್ಟುಕೊಂಡು ಎದುರಿಗೇ ಕೂತಿದ್ದರು. ಇಬ್ಬರ ಮುಂದೆ ಸೋಲಲು ಅಳಿಯನ ಮನಸ್ಸು ಒಪ್ಪಲಿಲ್ಲ.

"ಡೈಪರ್ ಹಾಕೂದು ಗೊತ್ತಿಲ್ಲದಾವ್ರಿಗೆ ಸೋರತೈತ್ರಿ ಅತ್ತಿ," ಎಂದ. "ಇವತ್ತ ನಾ ಹಾಕ್ತೇನಿ. ಒಂದ ಹನಿ ಸೋರಿದ್ರ ಇಬ್ಬರನ್ನೂ ಇಲ್ಲೇ ಇಟ್ಕೋರಿ. ಸೋರಲಿಲ್ಲಂದ್ರ ನಾಳೆ ಸಂಜಿ ಬಸ್ಸಿಗೆ ನನ್ನ ಜೋಡಿ ಕಳಸ್ರಿ."

"ಆಗ್ಲಿ," ಎಂದಳು ಭಾಗವ್ವ. ಮೊಮ್ಮಗನಿಗೆಂದೇ ಹಳೇ ಇಳಕಲ್ ಸೀರೆಗಳ ತುಂಡು ಸೇರಿಸಿ ತಿಂಗಳುಗಟ್ಟಲೆ ಹೊಲಿದ ಹೊಸ ಕೌದಿಯನ್ನು ಪೆಟ್ಟಿಗೆಯಿಂದ ತೆಗೆದು, ಬೇಕೆಂದೇ ಗಾದಿಯ ಮೇಲೆ ಹಾಸಿದಳು. "ಇದರ ಮ್ಯಾಲೆ ಮಲಗಸ್ರಿ. ನೋಡೇಬಿಡೂಣು."

ಅಮಿತ ಮಗನನ್ನು ಮುಂದೆ ಮಲಗಿಸಿಕೊಂಡು ಪಾಠವನ್ನೇ ಶುರುಮಾಡಿದ. ರಾತ್ರಿಗೆ ಒಂದು ಅಳತೆ ದೊಡ್ಡ ಡೈಪರ್ ಬೇಕು. ತೊಡೆಯ ಹತ್ತಿರದ ನೆರಿಗೆ ಒಳಗೆ ಮಡಚಿಕೊಂಡಿರಬಾರದು, ಬೆರಳು ಹಾಕಿ ಸುತ್ತಲೂ ಹೊರಗೆ ಎಳೆಯಬೇಕು. ಗಂಡು ಕೂಸಿನ ನಳ ಕೆಳಮುಖವಾಗಿರಬೇಕು, ಮೇಲ್ಮುಖವಾದರೆ ಹೊಟ್ಟೆಯ ಕಡೆಯಿಂದ ಸೋರುತ್ತದೆ. ಸೊಂಟದ ಪಟ್ಟಿ ಮಗ್ಗಕ್ಕೆ ಕಟ್ಟಿದ ಹಾಸಿನ ಎಳೆಗಳ ಹಾಗೆ, ತೀರ ಬಿಗಿಯೂ ಆಗಬಾರದು, ಸಡಿಲವೂ ಆಗಬಾರದು. ಕಾಂಚನಾ ಸೆರಗು ಬಾಯಿಗೆ ಹಿಡಿದು ನಕ್ಕಳು. ವಂದನಾ ನಾಚಿಕೆಯಿಂದ ಗೋಡೆ ನೋಡಿದಳು. ಜಕ್ಕಪ್ಪ ಮಾತ್ರ ಕುಸ್ತಿಯ ಹೊಸ ಪಟ್ಟು ನೋಡುವವರ ಹಾಗೆ ಗಮನವಿಟ್ಟು ನೋಡಿದರು.

ಬೆಳಗಿನ ಜಾವ ಅಮಿತ ಎದ್ದಾಗ ಪಕ್ಕದಲ್ಲಿ ಹೆಂಡತಿಯೂ ಇರಲಿಲ್ಲ, ಮಗನೂ ಇರಲಿಲ್ಲ. ಹಿತ್ತಲಲ್ಲಿ ಇಬ್ಬರ ದನಿ ಕೇಳುತ್ತಿತ್ತು. ಅರೆಗಣ್ಣಿನಲ್ಲೇ ಲುಂಗಿ ಸರಿಮಾಡಿಕೊಂಡು, ಬನಹಟ್ಟಿಯ ರೂಢಿಯಂತೆ ಓಣಿಯ ತುದಿಯ ಚಹಾದಂಗಡಿಗೆ ಹೋದ. ಅಲ್ಲಿ ಒಂದರ ಮೇಲೊಂದು ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಗೆದ್ದವನ ಠೀವಿಯಲ್ಲಿ ಮರಳಿದ.

ಕೋಣೆಯಲ್ಲಿ ಅಷ್ಟರಲ್ಲಿ ಬೆಳಕಾಗಿತ್ತು. ಕೌದಿಯ ನಟ್ಟನಡುವೆ ಒಂದು ದೊಡ್ಡ ಹಸಿ ಗುರುತು ಕಾಣಿಸಿತು.

ಅಮಿತ ಮುಟ್ಟಿ ನೋಡಿದ. ಮೂಗಿನ ಹತ್ತಿರ ತಂದು ನೋಡಿದ. ಸಂಶಯ ಉಳಿಯಲಿಲ್ಲ. ನಿನ್ನೆ ಸಂಜೆ ಆಡಿದ ಒಂದೊಂದು ಮಾತೂ ನೆನಪಾಗಿ ಕಿವಿ ಬಿಸಿಯಾದವು. ಎಲ್ಲರೆದುರು ಮಗನ ನಳದ ದಿಕ್ಕನ್ನು ವಿವರಿಸಿದ್ದ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಅನಿಸಿತು. ಸೋತೆ ಎಂದು ಒಪ್ಪಿಕೊಂಡರೆ ದೀಪಾವಳಿಯವರೆಗೆ ಮತ್ತೆ ಖಾನಾವಳಿಯೇ ಗತಿ. ಅತ್ತೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ಕೇಳಿ ಧೈರ್ಯ ಮಾಡಿ, ಕೌದಿಯನ್ನು ಸುತ್ತಿ ಮಾವನ ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು ಹೊರಟೇಬಿಟ್ಟ.

ಅಂಗಳ ಗುಡಿಸುತ್ತಿದ್ದ ಕಾಂಚನಾ ಕಸಬರಿಗೆ ಎತ್ತಿ ಅವನನ್ನು ನಿಲ್ಲಿಸಿದಳು. "ಕೌದಿ ಎಲ್ಲಿಗಿ ಹೊಂಟೈತ್ರಿ ಭಾವಾರ?"

"ಇದರ ಮ್ಯಾಲಿನ ನಮೂನಿ ಛಲೋ ಐತ್ರಿ. ಸೀರಿ ಸೆರಗಿಗಿ ಹಾಕಬೇಕಂತ ಮಾಡೇನಿ. ಫೋಟೋ ಹೊಡ್ಕೊಂಡ ಬರ್ತೇನಿ."

"ಫೋಟೋ ಮನ್ಯಾಗ ಬರೂದಿಲ್ಲೇನ್ರಿ?"

"ಬಿಸಲ ಬೇಕ್ರಿ ಅದಕ್ಕ," ಎಂದು ಅಮಿತ ಪೆಡಲ್ ತುಳಿದ. ಆಕಾಶದ ತುಂಬ ಮೋಡವಿತ್ತು.

ಘಟಪ್ರಭೆಯ ದಂಡೆಗೆ ಬಂದು ಕೌದಿಯನ್ನು ನೀರಿಗಿಳಿಸಿದ. ಗುರುತಾದಲ್ಲಿ ಮಾತ್ರ ತೊಳೆದು ಗಾಳಿಗೆ ಹಿಡಿದರಾಯಿತು ಎಂಬುದು ಅವನ ಲೆಕ್ಕ. ಆದರೆ ಪದರು ಪದರಾಗಿ ಹೊಲಿದ ಕೌದಿ ಬಾಯಾರಿದ ಎಮ್ಮೆಯ ಹಾಗೆ ನೀರು ಕುಡಿಯಿತು. ಮೇಲೆತ್ತಲು ಹೋದರೆ ಬರಲಿಲ್ಲ. ಇನ್ನೊಮ್ಮೆ ಜಗ್ಗಿದ. ಕಾಲು ಜಾರಿ, ಕೌದಿಯನ್ನು ಅಪ್ಪಿಕೊಂಡೇ ಎದೆಮಟ್ಟದ ನೀರಿಗೆ ಬಿದ್ದ.

ಮುಳುಗಿ ಎದ್ದು ಕಣ್ಣು ಒರೆಸಿಕೊಂಡಾಗ ದಂಡೆಯ ಮೇಲೆ ಬಟ್ಟೆಯ ಬುಟ್ಟಿ ಹೊತ್ತ ಕಾಂಚನಾ ನಿಂತಿದ್ದಳು.

"ಫೋಟೋ ಬಂತೇನ್ರಿ?"

"ಅದು... ಕೌದಿ ಮ್ಯಾಲೆ ಚಹಾ ಚೆಲ್ಲಿತ್ರಿ."

"ಚಹಾದ ಬಣ್ಣ ಎಲ್ಲೂ ಕಾಣಂಗಿಲ್ಲಲ್ರಿ."

"ಚಹಾ ಅಲ್ರಿ, ಹಾಲು," ಎಂದ ಅಮಿತ. ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

ದಂಡೆಯಲ್ಲಿದ್ದ ಹೆಂಗಸರೆಲ್ಲ ಸೇರಿ ಕೌದಿಯನ್ನು ಹಿಂಡಿಕೊಟ್ಟರು. ಹಿಂಡುತ್ತ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟ ತಾಳಲಾರದೆ ಅಮಿತ ತಲೆ ತಗ್ಗಿಸಿ ಹೊರಟ. ಹಿಂಡಿದ ಮೇಲೂ ಕೌದಿ ಭಾರವಾಗಿಯೇ ಇತ್ತು. ಸೈಕಲ್ ಹತ್ತಿದರೆ ಮುಂದಿನ ಗಾಲಿ ಮೇಲೇಳುತ್ತಿತ್ತು. ಊರಿನ ನಡುವೆ ನೀರು ತೊಟ್ಟಿಕ್ಕಿಸುತ್ತ ತಳ್ಳಿಕೊಂಡೇ ನಡೆದ. ಅವನನ್ನು ದಾಟಿ ಒಂದು ಆಟೋ ಹೋಯಿತು. ಅದರಲ್ಲಿ ಕಾಂಚನಾ ಇದ್ದಳು. ಬಟ್ಟೆ ಒಗೆಯುವುದನ್ನು ಅರ್ಧಕ್ಕೇ ಬಿಟ್ಟಿದ್ದಳು.

ಮನೆ ಮುಟ್ಟಿದಾಗ ಅಂಗಳದಲ್ಲಿ ಅರ್ಧ ಓಣಿಯೇ ಸೇರಿತ್ತು. ನಡುವೆ ಭಾಗವ್ವ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು.

"ಫೋಟೋನೋ, ಚಹಾನೋ, ಹಾಲೋ? ಖರೆ ಯಾವದ್ರಿ ಅಳಿಯಂದ್ರ?"

ಅಮಿತನಿಗೆ ಸಾಕಾಗಿಹೋಗಿತ್ತು. ಲುಂಗಿಯಿಂದ ನೀರು ಸೋರುತ್ತಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಹೆಂಡತಿಯ ಕಂಕುಳಲ್ಲಿದ್ದ ಯುವರಾಜ ಅಪ್ಪನ ಅವತಾರ ನೋಡಿ ಕೇಕೆ ಹಾಕಿ ನಗುತ್ತಿದ್ದ. ಇನ್ನು ಒಪ್ಪಿಕೊಳ್ಳುವುದೇ ಲೇಸು ಅನಿಸಿತು.

"ತಪ್ಪಾತ್ರಿ ಅತ್ತಿ. ನಾ ಸೋತ್ನಿ. ಡೈಪರ್ ಸೋರೈತಿ. ಕೂಸು ಕೌದಿ ತೋಯಿಸೇತಿ. ನಿಮಗ ಗೊತ್ತಾಗಬಾರದಂತ ಒಗ್ಯಾಕ ಒಯ್ದಿದ್ನಿ."

ವಂದನಾ ಗಂಡನನ್ನೇ ನೋಡಿದಳು.

"ಏನ ಮಾತಾಡಾಕತ್ತೀರಿ? ಕೂಸು ಎಲ್ಲಿ ತೋಯಿಸೇತಿ? ಕೋಳಿ ಕೂಗೂ ಹೊತ್ತಿಗೆ ಅದು ಎದ್ದಿತ್ತು. ನಾನ ಎತ್ಕೊಂಡ ಹಿತ್ತಲಕ್ಕ ಒಯ್ದ್ನಿ. ಡೈಪರ್ ತುಂಬಿತ್ತು ಖರೆ, ಹೊರಗ ಒಂದ ಹನಿ ಬಂದಿರಲಿಲ್ಲ. ಅಂಗಿ ಕಡಕ್ ರೊಟ್ಟಿ ಹಂಗ ಒಣಾ ಇತ್ತು. ಅವ್ವನೂ ಮುಟ್ಟಿ ನೋಡ್ಯಾಳ."

"ಖರೆ," ಎಂದಳು ಭಾಗವ್ವ. "ಪಂಥ ನೀವ ಗೆದ್ದಿದ್ರಿ. ನಾ ಇವಳ ಗಂಟು ಕಟ್ಟಾಕ ಕುಂತಿದ್ನಿ."

ಗೆದ್ದಿದ್ದೆ ಎಂಬ ಸಂತೋಷ ಅಮಿತನ ಎದೆಗೆ ಬಂದು ತಲುಪುವ ಮೊದಲೇ ಕಾಂಚನಾ ಮೆಲ್ಲಗೆ ಕೇಳಿದಳು. "ಹಂಗಾರ ಕೂಸನ್ನ ಎತ್ತಿದ ಮ್ಯಾಲೆ ಆ ಹಾಸಗ್ಯಾಗ ಮಲಗಿದ್ದಾವರು ಯಾರು?"

ವಂದನಾ ತಲೆ ತಗ್ಗಿಸಿದಳು. "ಇವರ."

ಎಲ್ಲರ ಕಣ್ಣೂ ಅಮಿತನ ಮೇಲೆ ಬಂದು ನಿಂತವು.

"ಇಲ್ರಿ! ದೇವರಾಣಿ ನಾ ಅಲ್ರಿ! ಎದ್ದು ಚಹಾಕ್ಕ ಹೋಗಿದ್ನಿ, ನನ್ನ ಲುಂಗಿ ಒಣಾ ಇತ್ತು, ಬೇಕಾದ್ರ ನೋಡ್ರಿ!" ಎಂದು ಲುಂಗಿಯ ಚುಂಗು ಹಿಡಿದು ತೋರಿಸಿದ. ಅದರಿಂದ ಧಾರೆಯಾಗಿ ನೀರು ಇಳಿಯಿತು. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು.

ಅಮಿತನಿಗೆ ಭೂಮಿ ಬಾಯಿಬಿಟ್ಟರೆ ಸಾಕು ಅನಿಸಿತು. ಬೆಳಗಿನಿಂದ ಹೇಳಿದ ಸುಳ್ಳು ಒಂದನ್ನೂ ಊರು ನಂಬಿರಲಿಲ್ಲ. ಈಗ ಖರೆ ಹೇಳಿದರೂ ಹೆಂಡತಿಯೇ ನಂಬುತ್ತಿರಲಿಲ್ಲ.

ಆಗ ಜಕ್ಕಪ್ಪ ಕಟ್ಟೆಯಿಂದ ಎದ್ದು ನಿಂತರು. ಒಂದು ಕಾಲದಲ್ಲಿ ಜಮಖಂಡಿಯಿಂದ ಬೀಳಗಿಯವರೆಗೆ ಹೆಸರು ಮಾಡಿದ ಪೈಲ್ವಾನರು. ಈಗಲೂ ಗರಡಿಯಲ್ಲಿ ಹುಡುಗರಿಗೆ ಪಟ್ಟು ಕಲಿಸುತ್ತಾರೆ, ಓಣಿಯಲ್ಲಿ ಅವರ ಮಾತಿಗೆ ಎದುರು ಮಾತಿಲ್ಲ. "ಸಾಕು ನಡೀರಿ ಎಲ್ಲಾರೂ," ಎಂದು ಗುಡುಗಿದರು. "ಅಳಿಯಂದ್ರ ಮಾನ ಅಂದ್ರ ನಮ್ಮನಿ ಮಾನ. ಮನಷ್ಯಾ ಅಂದಮ್ಯಾಲೆ ಒಮ್ಮೊಮ್ಮೆ ಹಂಗ ಆಗತೈತಿ. ನಗಾಕ ಏನೈತಿ ಅದರಾಗ?"

ಜನ ಚದುರಿದರು. ಕಾಂಚನಾ ಎಲ್ಲರಿಗಿಂತ ಕಡೆಗೆ ಹೋದಳು. ಮಾವನ ಮಾತಿನಿಂದ ತಪ್ಪು ತನ್ನ ತಲೆಗೇ ಕಟ್ಟಿದಂತಾಯಿತಾದರೂ ಅಮಿತನ ಕಣ್ಣು ತುಂಬಿ ಬಂದವು. ಆ ಮನೆಯಲ್ಲಿ ತನ್ನ ಪರವಾಗಿ ನಿಂತದ್ದು ಅವರೊಬ್ಬರೇ.

ಮಧ್ಯಾಹ್ನದ ಊಟದಲ್ಲಿ ಭಾಗವ್ವ ಅಳಿಯನ ತಾಟಿಗೆ ಮಜ್ಜಿಗೆ ಹಾಕಲಿಲ್ಲ, ನೀರಿನ ತಂಬಿಗೆಯನ್ನೂ ದೂರ ಸರಿಸಿದಳು. ಆಮೇಲೆ ಅಡ್ಡ ಮುಖ ಮಾಡಿ ಹೇಳಿದಳು. "ಪಂಥದ ಮಾತ ಬ್ಯಾರೆ. ಆದ್ರ ಒಂದ ಮನ್ಯಾಗ ಇಬ್ಬರನ್ನ ನನ್ನ ಮಗಳು ಹೆಂಗ ಸಂಭಾಳಸ್ಬೇಕ್ರಿ? ಮೊದಲ ನೀವು ಡಾಕ್ಟರಿಗಿ ತೋರಿಸ್ಕೋರಿ. ಆರಾಮ ಆದಮ್ಯಾಲೆ ಬರ್ರಿ, ಕಳಸ್ತೇನಿ."

ಸಂಜೆ ಬಸ್‌ಸ್ಟ್ಯಾಂಡಿಗೆ ಬಿಡಲು ಜಕ್ಕಪ್ಪನೇ ಜೊತೆಗೆ ಬಂದರು. ಸ್ಟ್ಯಾಂಡಿನ ಎದುರಿನ ಬೇವಿನ ಮರದ ಕೆಳಗೆ ನಿಂತು, ಸುತ್ತ ಯಾರೂ ಇಲ್ಲವೆಂದು ನೋಡಿ, ಅಳಿಯನ ಕೈ ಹಿಡಿದುಕೊಂಡರು.

"ನೀವಲ್ಲಂತ ನನಗ ಗೊತ್ತೈತ್ರಿ."

"ಗೊತ್ತೈತಿ? ಹೆಂಗ್ರಿ ಮಾಮಾ?"

"ಗರಡಿಗಿ ಹೊಂಟಾವ ನಿಮ್ಮ ಹಾಸಗಿ ಖಾಲಿ ಇದ್ದದ್ದ ನೋಡಿದ್ನಿ. ಮೊಮ್ಮಗ ಮಲಗಿದ ಜಾಗಾ, ಇನ್ನಾ ಬೆಚ್ಚಗಿತ್ತು. ಚೂರು ಅಡ್ಡಾದ್ನಿ. ಕಣ್ಣ ಹತ್ತಿಬಿಡ್ತು." ಪೈಲ್ವಾನರು ತಮ್ಮ ಚಪ್ಪಲಿ ನೋಡುತ್ತ ಹೇಳಿದರು. "ಇತ್ತಿತ್ಲಾಗ ನನಗ ತಡ್ಕೊಳ್ಳಾಕ ಆಗವಲ್ದು. ನಿಮ್ಮ ಅತ್ತಿಗೂ ಹೇಳಿಲ್ಲ."

ಅಮಿತನಿಗೆ ಸಿಟ್ಟು ನೆತ್ತಿಗೇರಿತು. ಈಗಲೇ ವಾಪಸು ಹೋಗಿ ಕಾಂಚನಾಳ ಮನೆಯ ಮುಂದೆ ನಿಂತು ಕೂಗಿ ಹೇಳಬೇಕು ಅನಿಸಿತು. ಆದರೆ ತನ್ನ ಕೈ ಹಿಡಿದಿದ್ದ ಆ ದೊಡ್ಡ ಅಂಗೈ ಹಿಡಿತ ಬಿಡಲಿಲ್ಲ.

"ನೀವು ಇವತ್ತ ಊರಿಗಿ ಹೋಗ್ತೀರಿ. ಜನ ನಾಕ ದಿನ ನಕ್ಕು ಮರೀತಾರ. ನಾ ನಾಳೆ ಗರಡಿ ಹುಡುಗರ ಮುಂದ ನಿಂದ್ರಬೇಕ್ರಿ. ನನಗ ನಗಾಕ ಹತ್ತಿದ್ರ ಸಾಯೂತನಕ ನಗತಾರ." ಜಕ್ಕಪ್ಪ ಮತ್ತೊಮ್ಮೆ ಸುತ್ತ ನೋಡಿ ಮೆಲ್ಲಗೆ ಕೇಳಿದರು. "ಕೂಸಿಗಿ ಹಾಕಿದಂಥಾವ ದೊಡ್ಡವರಿಗೂ ಬರ್ತಾವಂತಲ್ರಿ?"

ಅಮಿತ ಹೂಂ ಅಂದ.

ಇಬ್ಬರೂ ಎದುರಿನ ಔಷಧ ಅಂಗಡಿಗೆ ಹೋದರು. ಒಳಗೆ ಗಿರಾಕಿಗಳಿದ್ದರು. ಜಕ್ಕಪ್ಪ ಕೆಮ್ಮಿದರು, ಮೀಸೆ ನೇವರಿಸಿಕೊಂಡರು, ಬಾಯಿ ತೆರೆದು ಮುಚ್ಚಿದರು. ಕಡೆಗೆ ಅವರಿಗೆ ಬಂದದ್ದು ಗರಡಿಯ ದನಿಯೇ.

"ದೊಡ್ಡವರ ಡೈಪರ್ ಕೊಡ್ರಿ. ನಮ್ಮ ಅಳಿಯಂದ್ರಿಗೆ!"

ಅಂಗಡಿಯವನು ಅಮಿತನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಒಂದು ಪಾಕೀಟು ತೆಗೆದ. "ಇವರಿಗಿ ಸಣ್ಣ ಸೈಜ್ ಸಾಕ್ರಿ."

"ಬ್ಯಾಡ, ಎಲ್ಲಾಕಿಂತ ದೊಡ್ಡದು ಕೊಡ್ರಿ."

"ಇವರಿಗಿ ಜಾರಿ ಬೀಳತೈತ್ರಿ ಪೈಲ್ವಾನರ."

ಜಕ್ಕಪ್ಪನ ಹಣೆಯ ಮೇಲೆ ಬೆವರು ಮೂಡಿತು. ಅವರು ಅಳಿಯನ ಕಡೆ ನೋಡಿದ ನೋಟ, ಕಣದಲ್ಲಿ ಬೆನ್ನು ನೆಲಕ್ಕೆ ತಾಗುವವರ ನೋಟವಾಗಿತ್ತು. ಅಮಿತ ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟ.

"ದೊಡ್ಡದ ಕೊಡ್ರಿ. ನನಗ ಸಡಲ ಇದ್ರ ಹಿತಾ ಅನಸ್ತೈತಿ."

ಕಣ್ಣು ತೆರೆದಾಗ ಪಕ್ಕದಲ್ಲಿ ಕೆಮ್ಮಿನ ಔಷಧದ ಬಾಟಲಿ ಹಿಡಿದು, ಬಾಯಿ ತೆರೆದುಕೊಂಡು ರೇವಪ್ಪ ನಿಂತಿದ್ದ. ಬನಹಟ್ಟಿಯಲ್ಲಿ ಅಮಿತನ ಮನೆಯ ಎದುರಿಗೇ ಅವನ ಮಗ್ಗದ ಶೆಡ್ಡು. ಮುಧೋಳಕ್ಕೆ ಬೀಗರ ಮನೆಗೆ ಬಂದವನು ಅದೇ ಬಸ್ಸಿಗೆ ಊರಿಗೆ ಹೊರಟಿದ್ದ.

ಬಸ್ಸು ಬಂತು. ಪಾಕೀಟನ್ನು ಅಂಗಿಯ ಒಳಗೆ ಬಚ್ಚಿಟ್ಟುಕೊಂಡು ಜಕ್ಕಪ್ಪ ದೂರದಿಂದಲೇ ಕೈ ಎತ್ತಿದರು. ಅಮಿತ ಕಿಟಕಿಯ ಪಕ್ಕ ಕೂತು, ಬಲವಂತದಿಂದ ನಕ್ಕು, ಪಕ್ಕದ ಸೀಟು ತಟ್ಟಿ ಕರೆದ.

"ಬಾರೋ ರೇವಪ್ಪ, ಕುಂಡ್ರ ಬಾ."

"ಇರಲಿ ಬಿಡೋ," ಎಂದ ರೇವಪ್ಪ. ಅರ್ಧ ಬಸ್ಸು ಖಾಲಿಯಿದ್ದರೂ ಅವನು ಬನಹಟ್ಟಿಯವರೆಗೆ ನಿಂತೇ ಬಂದ.