ಜಟ್ಟೆಮ್ಮ ತೊಳೆದ ಬಾಟಲಿಗಳು

ಇನ್‌ಸ್ಪೆಕ್ಷನ್ ಎಂದರೆ ತೊಳೆಯುವುದು ಎಂದೇ ಜಟ್ಟೆಮ್ಮ ತಿಳಿದಿದ್ದಳು. ಹಲಸೂರಿನ ಜ್ಞಾನತೇಜ ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಆಯಾ ಆಗಿದ್ದ ಆಕೆ, ಪರಿವೀಕ್ಷಕರು ಬರುತ್ತಾರೆಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಬಕೆಟ್ಟು ಹಿಡಿದು ಹೊರಡುತ್ತಿದ್ದಳು. ಹಿಂದೊಮ್ಮೆ ಗೋಡೆಯ ಭೂಪಟ ಒರೆಸಿ ಎರಡು ಸಾಗರಗಳನ್ನು ಒಂದು ಮಾಡಿದ್ದಳು. ಈ ಸಲ ಅವಳ ಕಣ್ಣು ಬಿದ್ದದ್ದು ವಿಜ್ಞಾನದ ಕಪಾಟಿನ ಮೇಲೆ.

ಶುಕ್ರವಾರ ಬೆಳಿಗ್ಗೆ ಭೀಮೇಶ್ ಮೇಷ್ಟ್ರು ಕಪಾಟು ತೆರೆದಾಗ ಬಾಟಲಿಗಳು ಮದುವೆ ಮನೆಯ ಬೆಳ್ಳಿ ಲೋಟಗಳ ಹಾಗೆ ಫಳಫಳ ಹೊಳೆಯುತ್ತಿದ್ದವು. ಒಂದರ ಮೇಲೂ ಹೆಸರಿನ ಚೀಟಿ ಇರಲಿಲ್ಲ.

"ಜಟ್ಟೆಮ್ಮಾ, ಚೀಟಿಗಳೆಲ್ಲಿ?"

"ಸೋಪ್ ಹಾಕಿ ಉಜ್ಜಿದ್ನಲ್ಲ ಸಾರ್, ತಂತಾನೇ ಬಿಟ್ಕೊಂಡ್ವು. ಎಷ್ಟ್ ವರ್ಷದ ಕೊಳೆನೋ ಏನೋ!"

ಮೇಷ್ಟ್ರು ಎಣಿಸಿದರು. ಹನ್ನೆರಡು ಇರಬೇಕಾದ ಕಡೆ ಏಳೇ ಬಾಟಲಿ.

"ಮಿಕ್ಕಿದ್ದು?"

"ಎಲ್ಲಾ ಅರ್ಧರ್ಧ ಇದ್ವು ಸಾರ್. ಬಂದೋರು ನೋಡಿದ್ರೆ ಏನಂತಾರೆ? ಮನೇಲಿ ಬೇಳೆ ಡಬ್ಬಿಗೆ ಮಾಡೋ ಹಂಗೆ ಒಂದರದ್ದು ಇನ್ನೊಂದಕ್ಕೆ ಸುರ್ದು ತುಂಬ್ಸಿದೀನಿ. ಬಣ್ಣ ನೋಡ್ಕೊಂಡೇ ಹಾಕಿದ್ದು. ಬಿಳೀದಕ್ಕೆ ಬಿಳೀದು. ಜೋಡಿ ಇಲ್ದಿದ್ದ ಕರೀದು ಒಂಚೂರನ್ನ ಹಳದಿಗೆ. ಅಷ್ಟೂ ತಿಳಿಯಲ್ವಾ ನಂಗೆ?"

ಮೇಷ್ಟ್ರು ಸ್ಟೂಲಿನ ಮೇಲೆ ಕುಸಿದರು. ಆ ದಿನ ಮೂರನೆಯ ಪೀರಿಯಡ್ಡಿನಲ್ಲಿ ಪರಿವೀಕ್ಷಕರ ಎದುರು ಒಂಬತ್ತನೆಯ ತರಗತಿಗೆ ಅವರು ಮಾಡಬೇಕಿದ್ದ ಪಾಠ, ಶುದ್ಧ ವಸ್ತುಗಳು ಮತ್ತು ಮಿಶ್ರಣಗಳು. ಶುದ್ಧ ವಸ್ತುಗಳೆಂದು ತೋರಿಸಲು ಹನ್ನೊಂದು ವರ್ಷ ಕಾಪಾಡಿಕೊಂಡು ಬಂದ ಉಪ್ಪು, ಗಂಧಕ, ಕರ್ಪೂರ, ಸುಣ್ಣದ ಪುಡಿ ರಾತ್ರಿ ಬೆಳಗಾಗುವುದರೊಳಗೆ ಯಾವುದು ಯಾವುದರ ಜೊತೆ ಸಂಸಾರ ಹೂಡಿತ್ತೋ ಆ ಬಕೆಟ್ಟಿಗೇ ಗೊತ್ತು.

ಪಾಠ ಕೆಟ್ಟರೆ ಪಾಠವೊಂದೇ ಕೆಡುತ್ತಿರಲಿಲ್ಲ. ಶಾಲೆ ನಡೆಸುವ ಸಂಸ್ಥೆಯ ಇನ್ನೊಂದು ಶಾಲೆ ಕೆ.ಆರ್. ಪುರದಿಂದಾಚೆ ಮೇಡಹಳ್ಳಿಯಲ್ಲಿತ್ತು. ಅಲ್ಲಿ ವಿಜ್ಞಾನಕ್ಕೆ ಯಾರೂ ಇಲ್ಲ. ಹಲಸೂರಿನಲ್ಲಿ ಭೀಮೇಶ್, ರುಕ್ಸಾರ್ ಮಿಸ್ ಎಂದು ಇಬ್ಬರು. ಇಬ್ಬರ ಪಾಠವನ್ನೂ ನೋಡಿ, ಸೋಮವಾರದಿಂದ ಅಲ್ಲಿಗೆ ಹೋಗುವವರು ಯಾರೆಂದು ಸಂಸ್ಥೆಯ ಪರಿವೀಕ್ಷಕ ಮುನಿಆಂಜನಪ್ಪನವರು ಸಂಜೆಯೊಳಗೆ ತೀರ್ಮಾನಿಸುವವರಿದ್ದರು. ಭೀಮೇಶರ ಮನೆ ಶಾಲೆಯಿಂದ ಆರು ನಿಮಿಷದ ನಡಿಗೆ. ಮಧ್ಯಾಹ್ನ ಮನೆಗೆ ಹೋಗಿ ಬಿಸಿ ಮುದ್ದೆ ಉಂಡು, ಹದಿನೈದು ನಿಮಿಷ ಕಣ್ಣು ಮುಚ್ಚಿ, ಶಾಲೆಯ ಗಂಟೆ ಕೇಳಿ ಎದ್ದು ಬರುವ ಭಾಗ್ಯ ಈ ಬೆಂಗಳೂರಿನಲ್ಲಿ ಮಂತ್ರಿಗಳಿಗೂ ಇಲ್ಲ. ಮೇಡಹಳ್ಳಿಗೆ ಹೋಗುವುದೆಂದರೆ ಮೆಟ್ರೊ ಇಳಿದು, ಕೆ.ಆರ್. ಪುರದ ಸೇತುವೆಯ ಬಳಿ ಬಸ್ಸಿಗೆ ಕಾದು, ಲಾರಿಗಳ ಮೆರವಣಿಗೆಯ ಹಿಂದೆ ತೆವಳುವುದು.

ಸುದ್ದಿ ಹಬ್ಬಿ ರುಕ್ಸಾರ್ ಮಿಸ್ ಬಂದರು. "ಅರೆ ಸಾರ್, ಹೊಸ ಚೀಟಿ ಬರೆದು ಅಂಟಿಸ್ಬಿಡಿ. ಬಿಳೀದೆಲ್ಲ ಉಪ್ಪು, ಹಳದಿ ಗಂಧಕ. ಬಾಟ್ಲಿ ಒಳಗೆ ಇಳಿದು ಯಾರ್ ನೋಡ್ತಾರೆ?"

"ಮಕ್ಕಳು ನೀರಿಗೆ ಹಾಕಿ ನೋಡ್ತಾರೆ. ಕರಗಲ್ಲ ಅಂದ್ರೆ ನನ್ನ ಮಾನ ಕರಗುತ್ತೆ."

"ನೋಡಿ, ನಿಮಗೆ ಕಾಂಪಿಟೇಷನ್ನಾಗಿದ್ರೂ ಐಡಿಯಾ ಕೊಡ್ತಿದೀನಿ. ನಾನಿರೋದು ಟ್ಯಾನರಿ ರೋಡಲ್ಲಿ. ಮೇಡಹಳ್ಳಿಗೆ ಹೋಗ್ಬೇಕಂದ್ರೆ ಹಿಂದಿನ ದಿನಾನೇ ಹೊರಡ್ಬೇಕು."

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಮಾರಿಯಾ ಮೇಡಂ ಬಂದು ಸನ್ನಿವೇಶವನ್ನು ಕೈಗೆತ್ತಿಕೊಂಡರು. "ವಾಟ್ ಭೀಮೇಶ್, ಇಷ್ಟಕ್ಕೆಲ್ಲ ಟೆನ್ಷನ್ನಾ? ನಾಲಿಗೆ ಮೇಲಿಟ್ರೆ ಗೊತ್ತಾಗಲ್ವಾ?" ಎಂದು ಬೆರಳನ್ನು ಬಾಟಲಿಗೆ ಇಳಿಸಿಯೇಬಿಟ್ಟರು.

"ಮೇಡಂ, ಬೇಡ! ಪ್ರಯೋಗಶಾಲೇಲಿ ಏನನ್ನೂ ಬಾಯಿಗಿಡಬಾರ್ದು!"

ಮೇಡಂ ಬೆರಳನ್ನು ಮೇಷ್ಟ್ರ ಷರ್ಟಿಗೆ ಒರೆಸಿ, ತಾವೇ ಕುಳಿತು ಚೀಟಿ ಬರೆಯತೊಡಗಿದರು. ಎರಡು ಚೀಟಿಗೆ ಅಂಟು ಹಚ್ಚುವಷ್ಟರಲ್ಲಿ ಗೇಟಿನ ಬಳಿ ಕಾರು ನಿಂತಿತು. ಹತ್ತೂವರೆಗೆ ಬರಬೇಕಾದ ಮುನಿಆಂಜನಪ್ಪನವರು ಒಂಬತ್ತಕ್ಕೇ ಬಂದಿದ್ದರು.

"ಮೂರನೇ ಪೀರಿಯಡ್ ಯಾಕ್ರೀ? ಈಗ್ಲೇ ನಡೀಲಿ," ಎಂದರವರು.

ಅಂಟು ಇನ್ನೂ ಹಸಿಯಾಗಿತ್ತು. ಗಡಿಬಿಡಿಯಲ್ಲಿ ಎದ್ದ ಮಾರಿಯಾ ಮೇಡಂ ಮೊಣಕೈಗೆ 'ಗಂಧಕ' ಅಂಟಿಸಿಕೊಂಡೇ ಸಾಹೇಬರಿಗೆ ನಮಸ್ಕಾರ ಹೇಳಿದರು.

ಮುನಿಆಂಜನಪ್ಪನವರು ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು, ಪುಸ್ತಕ ಬಿಚ್ಚಿ, ಪೆನ್ನಿನ ಕ್ಯಾಪು ತೆಗೆದರು. ಭೀಮೇಶ್ ಮೇಷ್ಟ್ರು ಏಳು ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಬೋರ್ಡಿನ ಮೇಲೆ 'ಶುದ್ಧ ವಸ್ತುವೋ, ಮಿಶ್ರಣವೋ?' ಎಂದು ಬರೆದರು. ಆಮೇಲೆ ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿ ಕಿಟಕಿಯ ಕಡೆ ಸರಿದರು.

ಮುಂದಿನ ಸಾಲಿನ ಸಾಲೇಹಾ ಕೈ ಎತ್ತಿದಳು. "ಸಾರ್, ಇದ್ರಲ್ಲೆಲ್ಲ ಏನಿದೆ?"

"ನೀವೇ ಹೇಳ್ಬೇಕು," ಎಂದರು ಮೇಷ್ಟ್ರು. ಅಷ್ಟು ಪ್ರಾಮಾಣಿಕವಾದ ಮಾತನ್ನು ಅವರು ತರಗತಿಯಲ್ಲಿ ಎಂದೂ ಆಡಿರಲಿಲ್ಲ.

ಮಕ್ಕಳು ಒಂದು ಕ್ಷಣ ಮುಖ ಮುಖ ನೋಡಿಕೊಂಡು, ರಿಯಾಯಿತಿ ಮಾರಾಟಕ್ಕೆ ನುಗ್ಗಿದಂತೆ ಮೇಜಿಗೆ ನುಗ್ಗಿದರು. ತೇಜಶ್ರೀ ಹಳದಿ ಪುಡಿಯನ್ನು ಕಾಗದದ ಮೇಲೆ ಹರಡಿ ಮ್ಯಾಗ್ನೆಟ್ ಆಡಿಸಿದಳು. ಮ್ಯಾಗ್ನೆಟ್ಟಿಗೆ ಕರಿ ಮೀಸೆ ಬಂತು. "ಏಯ್, ಇದ್ರಲ್ಲಿ ಕಬ್ಬಿಣ ಐತೆ ಕಣ್ರೇ! ಮಿಶ್ರಣ!" ನೀಲಿ ಹರಳುಗಳು ಮಾತ್ರ ಏನು ಮಾಡಿದರೂ ಬೇರೆಯಾಗಲಿಲ್ಲ. "ಮೈಲುತುತ್ತ ಒಂದೇ ಇರ್ಬೇಕು. ಸಂಯುಕ್ತ. ಶುದ್ಧದ ಕಡೆ ಹಾಕು," ಎಂದು ಹಿಂದಿನಿಂದ ತೀರ್ಪು ಬಂತು.

ಸಾಲೇಹಾ ದೊಡ್ಡ ಬಿಳಿ ಬಾಟಲಿಯನ್ನು ಹಿಡಿದು ಕುಳಿತಳು. ಒಂದು ಚಮಚ ಪುಡಿಯನ್ನು ನೀರಿಗೆ ಹಾಕಿ ಕಲಕಿದಳು, ಸೋಸಿದಳು. ಕಾಗದದ ಮೇಲೆ ಬಿಳಿ ಕೆಸರು ಉಳಿಯಿತು. ತಿಳಿನೀರನ್ನು ಕಾಯಿಸಿದಾಗ ಬಟ್ಟಲ ತಳದಲ್ಲಿ ಉಪ್ಪು ಕೂತಿತು. "ಎರಡಿದೆ," ಎಂದವಳು ಕೆಸರಿನ ಹತ್ತಿರ ಮೂಗು ತಂದು ಹುಬ್ಬು ಗಂಟಿಕ್ಕಿದಳು. "ಇಲ್ಲ, ಮೂರಿದೆ. ಕರ್ಪೂರದ ವಾಸನೆ ಬರ್ತಿದೆ."

ಇಡೀ ಹೊತ್ತು ಮೇಷ್ಟ್ರು ಕಿಟಕಿಗೆ ಒರಗಿ, ಕೈ ಕಟ್ಟಿ, ತುಟಿ ಬಿಗಿದು ನಿಂತಿದ್ದರು. ಬಾಯಿ ತೆರೆದರೆ ತಪ್ಪಾದೀತೆಂಬ ಭಯ. ದೂರದಿಂದ ನೋಡಿದರೆ ತಪಸ್ಸಿಗೆ ಕುಳಿತವರ ಶಾಂತಿ.

ಮುನಿಆಂಜನಪ್ಪನವರು ಎದ್ದು ಬಂದರು. "ಮೇಷ್ಟ್ರೇ, ಈ ಹುಡುಗಿ ಮೂರು ಅಂತಾಳೆ. ಸರಿನಾ?"

ಮೇಷ್ಟ್ರು ಕಟ್ಟಿದ ಕೈ ಬಿಚ್ಚಿದರು. "ಸಾರ್… ನಾನು ಹೇಳ್ಬಿಟ್ರೆ ಅವ್ರು ಯೋಚ್ನೆ ಮಾಡೋದು ನಿಲ್ಲಿಸ್ತಾರೆ."

ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಜಟ್ಟೆಮ್ಮ ತಡೆಯಲಾರದೆ ಕೂಗಿದಳು: "ಸರಿಯಾಗ್ ಹೇಳ್ತು ಮಗು! ಮೂರು ಬಾಟ್ಲೀದು ನಾನೇ ಅದ್ಕೆ ಸುರ್ದಿದ್ದು!"

ಮಾರಿಯಾ ಮೇಡಂ ಕಣ್ಣು ಮುಚ್ಚಿಕೊಂಡರು. ಮುನಿಆಂಜನಪ್ಪನವರು ಆಯಾಳನ್ನು ನೋಡಿದರು, ಚೀಟಿಯಿಲ್ಲದ ಬಾಟಲಿಗಳನ್ನು ನೋಡಿದರು, ಮೇಷ್ಟ್ರನ್ನು ನೋಡಿದರು. ನಿಧಾನವಾಗಿ ಅವರ ಮುಖ ಅರಳಿತು.

"ಅಂದ್ರೆ, ಬೇಕಂತಲೇ ಹೆಸರು ಕಿತ್ತು, ಬೇಕಂತಲೇ ಬೆರೆಸಿ, ಮಕ್ಕಳ ಕೈಗೆ ಕೊಟ್ಟಿದೀರಿ! ಆಯಾಗೂ ತರಬೇತಿ ಕೊಟ್ಟಿದೀರಿ! ಮೂವತ್ತು ವರ್ಷದ ಸರ್ವೀಸಲ್ಲಿ ಇಂಥ ಪೂರ್ವತಯಾರಿ ನೋಡಿಲ್ಲ ಕಣ್ರೀ ನಾನು. ಮಕ್ಕಳೇ, ಚಪ್ಪಾಳೆ!"

ಚಪ್ಪಾಳೆಯ ಸದ್ದಿಗೆ ಹೊರಗಿನ ಪಾರಿವಾಳಗಳು ಹಾರಿದವು. ತಾನು ಕಂಡುಹಿಡಿದದ್ದು ನಿಜವೆಂದು ತಿಳಿದ ಸಾಲೇಹಾ ಬೆಂಚಿನ ಮೇಲೆ ಹತ್ತಿ ನಿಂತಳು. ಇಳಿಯೆಂದು ಯಾರೂ ಹೇಳಲಿಲ್ಲ. ಭೀಮೇಶ್ ಮೇಷ್ಟ್ರಿಗೂ ನಿಜವಾಗಿಯೇ ಎದೆ ತುಂಬಿ ಬಂತು. ಹನ್ನೊಂದು ವರ್ಷ ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದನ್ನು ಈ ಮಕ್ಕಳು ನಲವತ್ತು ನಿಮಿಷದಲ್ಲಿ ಕೈಯಾರೆ ಕಂಡಿದ್ದರು.

ಮಧ್ಯಾಹ್ನ ರುಕ್ಸಾರ್ ಮಿಸ್ ಪಾಠ. ಜೀವಕೋಶದ ಚಿತ್ರವಿದ್ದ ಚಾರ್ಟು ಎರಡು ಸಲ ಕಳಚಿ ಬಿತ್ತು. ಅದನ್ನು ಸಿಕ್ಕಿಸಲು ಮಿಸ್ ಮೊಳೆ ತರಲು ಹೋದಾಗ ತರಗತಿ ಶಿವಾಜಿನಗರದ ಬಸ್ ನಿಲ್ದಾಣವಾಯಿತು. ಬಾಗಿಲಿನಿಂದ ಇಣುಕಿದ ಭೀಮೇಶರು ಪಾಪ ಎಂದುಕೊಂಡರು. ಮನಸ್ಸಿನಲ್ಲೇ ಮಿಸ್‌ಗೆ ಮೇಡಹಳ್ಳಿ ಬಸ್ಸಿನ ನಂಬರು ಹೇಳಿಕೊಡುವ ಉದಾರತೆಯೂ ಬಂತು.

ಮೂರೂವರೆಗೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಸೇರಿದರು. ಮುನಿಆಂಜನಪ್ಪನವರು ಎದ್ದು ಭೀಮೇಶರ ಕೈ ಕುಲುಕಿ, ಬಿಡದೆ ಹಿಡಿದುಕೊಂಡೇ ಮಾತಾಡಿದರು.

"ಅದ್ಭುತ ರೀ. ಇಡೀ ಪೀರಿಯಡ್ಡಲ್ಲಿ ನೀವು ನಾಲ್ಕು ಮಾತಾಡಿಲ್ಲ. ಮಕ್ಕಳೇ ಕೇಳ್ತಾರೆ, ಮಕ್ಕಳೇ ಮಾಡ್ತಾರೆ, ಮಕ್ಕಳೇ ಉತ್ತರ ಹೇಳ್ತಾರೆ. ಈ ಶಾಲೇಲಿ ನಿಮ್ಮ ಪಾಠಕ್ಕೆ ನೀವೇ ಬೇಕಾಗಿಲ್ಲ! ಒಬ್ಬ ಮೇಷ್ಟ್ರಿಗೆ ಇದಕ್ಕಿಂತ ಗೌರವ ಉಂಟಾ?"

ಮೇಷ್ಟ್ರು ನಾಚಿ ತಲೆ ತಗ್ಗಿಸಿದರು.

"ರುಕ್ಸಾರ್ ಮಿಸ್ ಕ್ಲಾಸು ಹಾಗಲ್ಲ. ಅವ್ರು ಎರಡು ನಿಮಿಷ ಆಚೆ ಹೋಗಿದ್ದಕ್ಕೆ ಛಾವಣಿ ಹಾರಿಹೋಗೋದ್ರಲ್ಲಿತ್ತು. ಅವ್ರನ್ನ ಇಲ್ಲಿಂದ ಕದಲಿಸೋ ಹಾಗೇ ಇಲ್ಲ. ಅದಕ್ಕೇ ಸೋಮವಾರದಿಂದ ಮೇಡಹಳ್ಳಿಗೆ ನೀವು."

ಭೀಮೇಶ್ ಮೇಷ್ಟ್ರು ಆ ದಿನ ಸಾಹೇಬರ ಎದುರು ಮೊದಲ ಬಾರಿಗೆ ಏನನ್ನೋ ಗಟ್ಟಿಯಾಗಿ ಹೇಳಲು ಬಾಯಿ ತೆರೆದರು.

ಮುನಿಆಂಜನಪ್ಪನವರು ಅಕ್ಕರೆಯಿಂದ ಅವರ ಭುಜ ತಟ್ಟಿ ತಡೆದರು. "ಬೇಡ ರೀ, ಮಾತಾಡಿ ಹಾಳ್ಮಾಡ್ಬೇಡಿ. ನಿಮ್ಮ ಶಕ್ತಿ ಇರೋದೇ ಸುಮ್ಮನಿರೋದ್ರಲ್ಲಿ."