ಅತ್ತೆಯ ತೋಳಿಲ್ಲದ ಕೇಪು

ಶ್ರೀರಂಗಪಟ್ಟಣದಲ್ಲಿ ಮೇ ತಿಂಗಳಲ್ಲೂ ಉಣ್ಣೆ ಹೊದ್ದು ಓಡಾಡುವ ಹೆಂಗಸು ಒಬ್ಬಳೇ, ಅವಳು ನಮ್ಮತ್ತೆ. ಜ್ವರವೇನಿಲ್ಲ. ಬುದ್ಧಿಯೂ, ನನಗೆ ತಿಳಿದ ಮಟ್ಟಿಗೆ, ನೆಟ್ಟಗಿದೆ. ಅಪ್ಪನ ತಂಗಿ, ಪಾಂಡವಪುರದಲ್ಲಿ ಮೂವತ್ತು ವರ್ಷ ಹೊಲಿಗೆ ಕಲಿಸಿ ನಿವೃತ್ತಳಾದವಳು.

ಆ ಉಣ್ಣೆಯ ವಸ್ತು ಸಿಕ್ಕಿದ್ದು ರಸ್ತೆಬದಿಯ ಹಳೇ ಸ್ವೆಟರ್ ರಾಶಿಯಲ್ಲಿ. ಮಾರುವವನೇ ಸಂಕೋಚಪಟ್ಟು, "ತೋಳು ಎಲ್ಲೋ ಬಿದ್ದೋಗವೆ ಕಣಕ್ಕ, ಬ್ಯಾರೆ ನೋಡಿ" ಅಂದನಂತೆ. ಅತ್ತೆ ಅದನ್ನು ತಿರುವಿ, ಒಳಗಿನ ಕೈಹೊಲಿಗೆ ನೋಡಿ, ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳಂತೆ. ಲೇಬಲ್ಲಿನಲ್ಲಿ ಯಾವುದೋ ಪರದೇಶದ ದೊಡ್ಡ ಡಿಸೈನರನ ಹೆಸರು. ವಯಸ್ಸಿನಲ್ಲಿ ಆ ಬಟ್ಟೆ ನನಗೆ ಅಣ್ಣನಾಗಬೇಕು.

"ಇದು ಕೇಪು" ಎಂದು ಮನೆಗೆ ಬಂದು ಸಾರಿದಳು.

"ಕೇಪಾ? ದೀಪಾವಳಿ ಮುಗೀತಲ್ಲವ್ವ" ಎಂದರು ಅಪ್ಪ. ಅವರಿಗೆ ಗೊತ್ತಿದ್ದ ಕೇಪು ಆಟದ ಪಿಸ್ತೂಲಿನದು ಮಾತ್ರ; ಇದು ತೋಳೇ ಇಲ್ಲದಂತೆ ಹೊಲಿದ, ಭುಜದ ಮೇಲೆ ಹೊದೆಯುವ ಪರದೇಶದ ಉಡುಪು.

ನಾನೂ ಹೊದ್ದು ನೋಡಿದೆ. ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿ ಹುಡುಕುವವನಂತೆ ಕಂಡೆ; ಕುರಿಯಂತೆಯೇ ಕಂಡೆ ಎಂಬುದು ಮನೆಯವರ ಅಭಿಪ್ರಾಯ. ಅದರ ಮುಂಭಾಗ ಯಾವುದು, ಹಿಂಭಾಗ ಯಾವುದು, ಇಂದಿಗೂ ಗೊತ್ತಿಲ್ಲ. ಅತ್ತೆಯಾದರೋ ಒಂದು ತುದಿಯನ್ನು ಎಡಭುಜದ ಮೇಲೆ ಎಸೆದರೆ ಸಾಕು, ನೆರಿಗೆಗಳು ನಾಲೆಗೆ ನೀರು ಬಿಟ್ಟಂತೆ ಇಳಿದು ಬರುತ್ತಿದ್ದವು.

"ಬಟ್ಟೆನ ಓರೆಯಾಗಿ ಕತ್ತರಿಸವ್ನೆ ಕಣ್ಲಾ, ಅದ್ಕೇ ಇಂಗೆ ಬೀಳದು. ನೀನು ಗೂಟ ನೆಟ್ಟಂಗೆ ನಿಂತ್ಕಂಡ್ರೆ ಎಂಗ್ಲಾ ಬಿದ್ದಾತು?"

ಕಳೆದ ತಿಂಗಳು ಪಾಂಡವಪುರದಲ್ಲಿ ಹೊಲಿಗೆ ಕಲಿಸಿದ ಹಿರಿಯರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಅಷ್ಟು ವರ್ಷಗಳಲ್ಲಿ ಅತ್ತೆಯನ್ನು ವೇದಿಕೆಗೆ ಕರೆದದ್ದು ಅದೇ ಮೊದಲು. ಆಹ್ವಾನಪತ್ರಿಕೆಯಲ್ಲಿದ್ದ ತನ್ನ ಹೆಸರನ್ನು ವಾರವಿಡೀ ಮುಟ್ಟಿ ಮುಟ್ಟಿ ನೋಡಿದಳು. ಕೇಪು ಹೊದ್ದೇ ಹೊರಟಳು.

ವೇದಿಕೆಯ ಮೇಲೆ ಎಂಟು ಜನ. ಶಾಲಿನ ತಟ್ಟೆ ಹಿಡಿದವರು ಸಾಲಾಗಿ ಹೊದಿಸುತ್ತ ಬಂದು, ಅತ್ತೆಯ ಭುಜ ನೋಡಿ, "ಇವ್ರಿಗೆ ಆಗ್ಲೇ ಹೊದ್ಸವ್ರೆ, ಮುಂದುಕ್ಕೆ ನಡೀರಿ" ಎನ್ನುತ್ತ ಪಕ್ಕದವರಿಗೆ ದಾಟಿಕೊಂಡರು. ಸನ್ಮಾನ ಆಯಿತೋ ಇಲ್ಲವೋ ಎಂದು ಕೆಳಗೆ ಕೂತ ನನಗೇ ಗೊಂದಲ. "ನನಗೂ ಶಾಲು ಹೊದಿಸಿ" ಎಂದು ಯಾರಾದರೂ ಬಾಯಿಬಿಟ್ಟು ಕೇಳುವುದುಂಟೇ? ಅತ್ತೆ ನಗುತ್ತಲೇ ಕೂತಿದ್ದಳು. ಕೊನೆಗೆ ಒಂದು ಶಾಲು ಉಳಿಯಿತು. ಯಾರದೆಂದು ಯಾರಿಗೂ ಹೊಳೆಯದೆ, ಅದನ್ನು ಮೈಕ್‌ಸೆಟ್ಟಿನವನಿಗೆ ಹೊದಿಸಿದರು. ಅವನೂ ಗಾಬರಿಯಲ್ಲಿ ಕೈಮುಗಿದ.

ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಆಹ್ವಾನಪತ್ರಿಕೆಯನ್ನು ಮಡಚಿ ಬ್ಯಾಗಿನ ತಳಕ್ಕೆ ತುರುಕಿದಳು. ಕಂಡವರ ದನಿ ಅಣಕಿಸಿ ಬೈಸಿಕೊಳ್ಳುವುದು ನನ್ನ ಹುಟ್ಟುಗುಣ, ಸಭೆಯ ನಿರೂಪಕರಂತೆ ಮೂಗಿನಲ್ಲಿ ಶುರುಮಾಡಿದೆ: "ಈಗ, ಮೂವತ್ತು ವರ್ಷ ಈ ತಾಲ್ಲೂಕಿನ ಹೆಣ್ಣುಮಕ್ಕಳ ಕೈಗೆ ಸೂಜಿ ಕೊಟ್ಟ ಮೇಡಂ ಅವರನ್ನ..."

"ಸುಮ್ಕಿರ್ಲಾ, ಜನ ನೋಡ್ತಾವ್ರೆ" ಅನ್ನುತ್ತಾಳೆ ಎಂದುಕೊಂಡೆ. ಅತ್ತೆ ಬ್ಯಾಗನ್ನು ಕೆಳಗಿಟ್ಟಳು. ಕೇಪು ತೆಗೆದು ನನ್ನ ಕೈಗೆ ಕೊಟ್ಟಳು. ಕತ್ತು ಬಗ್ಗಿಸಿ ನಿಂತಳು.

ಹೇಗೋ ಹೊದಿಸಿದೆ. ಒಳಮೈ ಹೊರಗೆ ಬಂದಿತ್ತು, ಲೇಬಲ್ಲು ಎದೆಯ ಮೇಲೆ ಕೂತಿತ್ತು. ಅತ್ತೆ ಕೈಮುಗಿದಳು. ಬಸ್ಸು ಹತ್ತಿ ಊರು ತಲುಪುವವರೆಗೂ ಒಂದು ನೆರಿಗೆಯನ್ನೂ ಸರಿಮಾಡಿಕೊಳ್ಳಲಿಲ್ಲ.