ಸಂಪಿನೊಳಗೆ ಹನ್ನೊಂದು ಸಲ

ಮಹದೇವುವಿನ ಗ್ರಹಚಾರ ಕೆಟ್ಟಿದ್ದು ಎರಡೇ ಎರಡು ಚಮಚ ಸಮುದ್ರದ ನೀರಿನಿಂದ. ಕಳೆದ ವರ್ಷ ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವಿಂಗಿಗೆ ಇಳಿದಾಗ ಆ ನೀರು ಅವನ ಮುಖದ ಮಾಸ್ಕಿನೊಳಗೆ ನುಗ್ಗಿತ್ತು. ಹಾಗೆ ನುಗ್ಗಿದರೆ ಏನು ಮಾಡಬೇಕೆಂದು ಕಲಿಸುವಾತ ಮೊದಲೇ ಹೇಳಿಕೊಟ್ಟಿದ್ದ. ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿಕೊಂಡು, ತಲೆ ಮೇಲೆತ್ತಿ, ಮೂಗಿನಿಂದ ಗಾಳಿ ಬಿಟ್ಟರೆ ನೀರು ತಾನಾಗಿ ಹೊರಗೆ ಹೋಗುತ್ತದೆ. ಮಹದೇವು ಇದರಲ್ಲಿ ಒಂದನ್ನೂ ಮಾಡದೆ, ಕಣ್ಣು ಮುಚ್ಚಿಕೊಂಡು ಕಲಿಸುವಾತನ ಹೊಟ್ಟೆಗೆ ಎರಡು ಸಲ ಒದ್ದು, ಒಂದೂವರೆ ನಿಮಿಷದಲ್ಲಿ ಮೇಲೆ ಬಂದಿದ್ದ. ಹೆಂಡತಿ ಸುಮಾ ತಲೆಸುತ್ತು ಬಂದು ದೋಣಿಯಲ್ಲಿ ಮಲಗಿದ್ದಳು. ಕಂಡವರು ಯಾರೂ ಇರಲಿಲ್ಲ.

ಕಂಡವರಿಲ್ಲದ ಮೇಲೆ ಹೇಳಿದ್ದೇ ಕತೆ. ಮೈಸೂರು ತಲುಪುವಷ್ಟರಲ್ಲಿ ಒಂದೂವರೆ ನಿಮಿಷ ನಲವತ್ತು ನಿಮಿಷವಾಗಿತ್ತು. ಸಿದ್ಧಾರ್ಥನಗರದ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಒಂದು ಆಮೆ ಜೊತೆಗೂಡಿ, ಕೈ ಹಿಡಿದು ಅವನನ್ನು ಹವಳದ ಬಂಡೆ ತೋರಿಸಲು ಕರೆದೊಯ್ದಿತ್ತು. ಕೆಳಮನೆಯ ಓನರ್ ತಿಮ್ಮಮ್ಮ, ಮೇಲ್ಮನೆಯ ನಿವೃತ್ತ ಬಸ್ ಕಂಡಕ್ಟರ್ ವಿಜಯ್‌ಕುಮಾರ್, ಕಚೇರಿಯ ಸಹೋದ್ಯೋಗಿಗಳು, ಎಲ್ಲರೂ ಕಣ್ಣರಳಿಸಿ ಕೇಳುತ್ತಿದ್ದರು. "ಹೌದಾ! ನಲವತ್ತು ನಿಮಿಷಾನಾ!" ಎನ್ನುತ್ತಿದ್ದರು. ಆ 'ಹೌದಾ' ಕೇಳುವುದೆಂದರೆ ಮಹದೇವುಗೆ ಬೆಳಗಿನ ಕಾಫಿಗಿಂತ ಹೆಚ್ಚು.

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಅವನಿಗೆ ಗೊತ್ತಾದದ್ದು ಕಚೇರಿಯ ಮಹೇಶ ಒಂದು ದಿನ, "ಸರ್, ಏಳು ಜನ ದುಡ್ಡು ಕಟ್ಟಿದ್ದೀವಿ. ಭಾನುವಾರ ನೇತ್ರಾಣಿ. ನೀವೇ ನಮ್ ಗುರುಗಳು, ಮೊದ್ಲು ನೀವೇ ಇಳೀಬೇಕು" ಎಂದಾಗ. ಮಹದೇವು ನಕ್ಕ. ಆ ನಗು ಮುಖದಿಂದ ಇಳಿಯುವ ಮೊದಲೇ ಭಾನುವಾರಕ್ಕೆ ಎಷ್ಟು ದಿನವಿದೆಯೆಂದು ಬೆರಳು ಮಡಚಿ ಎಣಿಸಿದ. ಏಳು ಜನರ ಮುಂದೆ ಒದ್ದಾಡಿದರೆ ಆಮೆಯ ಗತಿಯೇನು, ತನ್ನ ಗತಿಯೇನು?

ಶುಕ್ರವಾರ ಬೆಳಿಗ್ಗೆ ರಜೆ ಹಾಕಿದ. ಮಾಸ್ಕಿನಿಂದ ನೀರು ಹೊರಹಾಕುವುದೊಂದನ್ನು ಕಲಿತರೆ ಮಾನ ಉಳಿಯುತ್ತದೆ. ಬಕೆಟ್ಟಿನಲ್ಲಿ ಪ್ರಯತ್ನಿಸಿದ್ದಾಗಿತ್ತು. ಮುಖ ಹಿಡಿಸಿದರೆ ಉಸಿರಾಡುವ ಕೊಳವೆ ಹಿಡಿಸುತ್ತಿರಲಿಲ್ಲ. ಈಜುಕೊಳಕ್ಕೆ ಹೋಗೋಣವೆಂದರೆ ಅಲ್ಲಿ ಮಹೇಶನೇ ದಿನಾ ಈಜುತ್ತಾನೆ. ಉಳಿದದ್ದು ಅಂಗಳದ ನೆಲದಡಿಯ ನೀರಿನ ಸಂಪು. ಮೂರು ಮನೆಗೂ ಅದೇ ನೀರು ಎಂಬ ವಿಚಾರ ಮನಸ್ಸಿಗೆ ಬಂತು. ಆದರೆ ಮಿಂದು ಮಡಿಯಾಗಿಯೇ ಇಳಿದರೆ ತಪ್ಪೇನು ಎಂದು ಸಮಾಧಾನ ಮಾಡಿಕೊಂಡ.

ಸುಮಾ ಕೆಲಸಕ್ಕೆ ಹೋದಳು, ತಿಮ್ಮಮ್ಮ ಪೂಜೆಗೆ ಕೂತರು. ಹತ್ತಕ್ಕೆ ಐದು ನಿಮಿಷವಿರುವಾಗ ಮಹದೇವು ಚಡ್ಡಿ, ಮಾಸ್ಕು, ಕಿತ್ತಳೆ ಬಣ್ಣದ ಕೊಳವೆ ಮತ್ತು ಒಂದು ಬಾಟಲಿ ಮಕ್ಕಳ ಶಾಂಪೂ ಹಿಡಿದು ಸಂಪಿನ ಕಬ್ಬಿಣದ ಮೆಟ್ಟಿಲಿಳಿದ. ಶಾಂಪೂ ಸವರಿದರೆ ಗಾಜಿಗೆ ಮಂಜು ಕಟ್ಟುವುದಿಲ್ಲ ಎಂದು ಯಾವುದೋ ವಿಡಿಯೋದಲ್ಲಿ ನೋಡಿದ್ದ. ಎದೆಮಟ್ಟದ ತಣ್ಣೀರಿಗೆ ಮೈ ಜುಮ್ಮೆಂದು ಬಾಟಲಿ ಕೈಜಾರಿತು. ಅದರ ಮುಚ್ಚಳ ಮೊದಲೇ ತೆರೆದಿತ್ತು.

ಬಾಟಲಿ ಹುಡುಕಲು ಅವನು ಬಗ್ಗಿದ ಹೊತ್ತಿಗೆ ತಿಮ್ಮಮ್ಮ ಸೊಪ್ಪು ಕೊಳ್ಳಲು ಹೊರಗೆ ಬಂದರು.

"ಯಾರಪ್ಪಾ ಇದು, ಸಂಪಿನ್ ಮುಚ್ಚಳ ತೆಗ್ದು ಅಂಗೇ ಬುಟ್ಟೋಗಿರೋದು? ಓದ್ ತಿಂಗ್ಳು ಬೆಕ್ಕು ಬಿದ್ದಿದ್ದು ಸಾಲ್ದಾ?" ಎನ್ನುತ್ತ ಕಬ್ಬಿಣದ ಮುಚ್ಚಳ ಎಳೆದು ಹಾಕಿದರು. ಅಷ್ಟಕ್ಕೆ ಸಮಾಧಾನವಾಗದೆ ಮೂಲೆಯಲ್ಲಿದ್ದ ಹಳೇ ರುಬ್ಬುವ ಗುಂಡನ್ನು ಅದರ ಮೇಲೆ ಉರುಳಿಸಿ ನಿಲ್ಲಿಸಿದರು.

ಮಹದೇವು ನೀರಿನಿಂದ ತಲೆ ಎತ್ತಿದಾಗ ಹಗಲು ಹೋಗಿತ್ತು. ಮುಚ್ಚಳದಲ್ಲಿ ಎರಡು ಬೆರಳು ಹಾಕಿ ಎತ್ತುವ ತೂತೊಂದರಿಂದ ಮಾತ್ರ ಬೆಳಕು. ಮೆಟ್ಟಿಲ ಮೇಲೆ ನಿಂತು ಹೆಗಲು ಕೊಟ್ಟು ತಳ್ಳಿದ. ಗುಂಡು ಅಲ್ಲಾಡಲಿಲ್ಲ. "ತಿಮ್ಮಮ್ಮೋರೇ!" ಎಂದು ಕೂಗಿದ. ಸರಿಯಾಗಿ ಹತ್ತು ಗಂಟೆ. ಟೈಮಿಗೆ ತಪ್ಪದ ವಿಜಯ್‌ಕುಮಾರ್ ಮೋಟರ್ ಹಾಕಿದರು, ಕೂಗು ಅದರ ಗುಂಯ್‌ಗುಟ್ಟುವಿಕೆಯಲ್ಲಿ ಮುಳುಗಿತು.

ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮೇಲ್ಮನೆಯಿಂದ ಕಂಡಕ್ಟರ್ ಸೀಟಿ ಕೇಳಿಸಿತು. ನಿವೃತ್ತರಾದರೂ ವಿಜಯ್‌ಕುಮಾರ್ ಅದನ್ನು ಕೊರಳಿನಿಂದ ತೆಗೆದಿರಲಿಲ್ಲ.

"ತಿಮ್ಮಮ್ಮೋರೇ! ನಲ್ಲೀಲಿ ನೊರೆ ಬರ್ತಾ ಇದೆ ಕಣ್ರೀ! ಸಾರಿಗೆ ನೀರಿಟ್ರೆ ಮಗೂಗೆ ಸ್ನಾನ ಮಾಡ್ಸಿದ್ ವಾಸ್ನೆ!" ಎಂದು ಕೂಗಿ ಮೋಟರ್ ಆರಿಸಿದರು.

ಈಗ ಕೂಗಬಹುದಿತ್ತು. ಆದರೆ ಅಷ್ಟರಲ್ಲಿ ದಿನ ಬಿಟ್ಟು ದಿನ ಬರುವ ಕಾವೇರಿ ನೀರು ಬಂತು. ನೇರ ನೆತ್ತಿಯ ಮೇಲೇ ಧಾರೆ ಸುರಿಯಿತು. ಬಾಯಿ ತೆರೆದರೆ ಬಾಯಿಗೆ, ಮಾಸ್ಕು ಕಣ್ಣಿಗೆ ಏರಿಸಿದರೆ ಅದರೊಳಗೆ. ನೀರು ಎದೆಯಿಂದ ಹೆಗಲಿಗೆ, ಹೆಗಲಿಂದ ಗಲ್ಲಕ್ಕೆ ಏರಿತು. ಮಹದೇವುಗೆ ನಿಜವಾಗಿಯೂ ಜೀವಭಯವಾಯಿತು. ಸಮುದ್ರದಲ್ಲಾದರೆ ಒದೆಯಲು ಒಬ್ಬನಿದ್ದ, ಇಲ್ಲಿ ಒದೆಯುವುದಕ್ಕೂ ದಿಕ್ಕಿಲ್ಲ.

ಮೆಟ್ಟಿಲೇರಿ ನಿಂತು, ಕೊಳವೆ ಬಾಯಿಗೆ ಕಚ್ಚಿಕೊಂಡು ಅದರ ತುದಿಯನ್ನು ಮುಚ್ಚಳದ ತೂತಿನಿಂದ ಹೊರಗೆ ಚಾಚಿದ. ಮಾಸ್ಕು ತುಂಬಿತು. ಮೇಲಂಚು ಒತ್ತಿದ, ತಲೆ ಎತ್ತಿದ, ಮೂಗಿನಿಂದ ಗಾಳಿ ಬಿಟ್ಟ. ನೀರು ಸರ್ರನೆ ಹೊರಗೆ ಹೋಯಿತು! ಮತ್ತೆ ತುಂಬಿತು, ಮತ್ತೆ ಹೊರಹಾಕಿದ. ಎಣಿಸುತ್ತಲೇ ಇದ್ದ. ಹನ್ನೊಂದನೇ ಸಲಕ್ಕೆ ಭಯ ಹೋಗಿ ಖುಷಿಯೇ ಬಂತು. ಆ ಖುಷಿಗೆ ಕೊಳವೆಯಲ್ಲಿ ಭೋಂ ಎಂದು ಊದಿದ.

ಗೇಟಿನ ಹತ್ತಿರ ದಂಟಿನ ಸೊಪ್ಪು ಕಟ್ಟುತ್ತಿದ್ದ ಸೊಪ್ಪು ಮಾರುವ ಯಶೋಧಾ ಹೌಹಾರಿದಳು. "ಅವ್ವಾ! ನಿಮ್ ಸಂಪು ಶಂಖ ಊದ್ತಾ ಐತೆ!"

"ನಿಂಗೇನ್ ಬಂತೇ?" ಎಂದು ತಿರುಗಿದ ತಿಮ್ಮಮ್ಮನಿಗೂ ಕಂಡಿತು, ಮುಚ್ಚಳದಿಂದ ಗೇಣುದ್ದ ಕಿತ್ತಳೆ ಕೊಳವೆ ಎದ್ದು ನಿಂತು ನೀರು ಚಿಮ್ಮಿಸುತ್ತಿತ್ತು. ವಿಜಯ್‌ಕುಮಾರ್ ಸೀಟಿ ಊದುತ್ತ ಇಳಿದು ಬಂದರು. ಬೀದಿ ನೆರೆಯಿತು. ಗುಂಡು ಸರಿಸಿ ಮುಚ್ಚಳ ಎತ್ತಿದರೆ ನೊರೆಯ ನಡುವೆ ಮಾಸ್ಕು ತೊಟ್ಟ ಬಾಡಿಗೆದಾರನ ತಲೆ.

"ಮಾದೇವು! ಏನಪ್ಪಾ ಮಾಡ್ತಿದ್ದೆ ಒಳ್ಗೆ?"

ಹತ್ತು ಜನ ನೋಡುತ್ತಿದ್ದಾರೆ. ನಲವತ್ತು ನಿಮಿಷದ ವೀರ ಅಭ್ಯಾಸಕ್ಕಿಳಿದಿದ್ದ ಎನ್ನುವುದೆಂತು? "ಸಂಪ್... ಸಂಪ್ ತೊಳೀತಿದ್ದೆ ತಿಮ್ಮಮ್ಮೋರೇ. ಅದ್ಕೇ ಶಾಂಪೂ" ಎಂದ.

ತಿಮ್ಮಮ್ಮನ ಕಣ್ಣು ತುಂಬಿ ಬಂತು. "ಹೆತ್ ಮಗ್ನೂ ಒಂದಿನ ಇಳೀಲಿಲ್ಲ ಕಣಪ್ಪ! ಬನ್ನಿಮಂಟಪದಲ್ಲಿ ನಮ್ ತಂಗಿ ಮನೆ ಸಂಪೂ ಪಾಚಿ ಕಟ್ಟೈತೆ, ಸೋಮ್ವಾರ ಬಾ" ಎಂದರು. ಎದುರುಮನೆಯವರು ತಮ್ಮ ಸಂಪಿಗೆ ಬುಧವಾರ ಕೇಳಿದರು.

ಸುದ್ದಿ ಕೇಳಿ ಸುಮಾ ಆಟೋದಲ್ಲಿ ಓಡಿ ಬಂದಳು. ಮೇಲೆ ಕರೆದೊಯ್ದು ಹೆಗಲಿನ ಬ್ಯಾಗನ್ನೂ ಇಳಿಸದೆ ಟವೆಲ್ಲಿನಿಂದ ಅವನ ತಲೆ ಒರೆಸತೊಡಗಿದಳು. ಅದನ್ನು ಕಂಡು ಮಹದೇವುವಿನ ಮನಸ್ಸು ಕರಗಿ ಹೋಯಿತು. ಒಂದೂವರೆ ನಿಮಿಷ, ಒದ್ದದ್ದು, ಇಲ್ಲದ ಆಮೆ, ಎಲ್ಲವನ್ನೂ ಒಪ್ಪಿಕೊಂಡ.

"ಗೊತ್ತು ಕಣ್ರೀ" ಎಂದಳು ಸುಮಾ.

"ಏನ್ ಗೊತ್ತು?"

"ಬುಕಿಂಗ್ ನನ್ ನಂಬರಲ್ಲಿ ತಾನೇ ಮಾಡಿದ್ದು? ನೀರೊಳ್ಗೆ ಕ್ಯಾಮೆರಾ ಹಿಡ್ಕೊಂಡು ಇನ್ನೊಬ್ರು ಇದ್ರು. ಮಾರನೇ ದಿನಾನೇ ವಿಡಿಯೋ ಬಂತು. ತಿಮ್ಮಮ್ಮೋರಿಗೆ ತೋರಿಸ್ದೆ, ಅವ್ರು ವಿಜಯ್‌ಕುಮಾರ್ ಅವ್ರಿಗೆ ಕಳಿಸಿದ್ರು, ಆಮೇಲೆ ಎಲ್ಲೆಲ್ಲಿಗೆ ಹೋಯ್ತೋ. ನಿಮ್ಗೆ ಬೇಜಾರಾಗುತ್ತೆ ಅಂತ ಯಾರೂ ಬಾಯಿ ಬಿಡ್ಲಿಲ್ಲ ಅಷ್ಟೆ."

ಮಹದೇವು ಕುಸಿದು ಕೂತ. "ಮಹೇಶ?"

"ಆ ಏಳು ಜನ ಮತ್ಯಾಕ್ ದುಡ್ಡು ಕಟ್ಟಿದ್ದಾರೆ ಅನ್ಕೊಂಡ್ರಿ? ನೀವು ಒದೆಯೋದನ್ನ ಹತ್ತಿರದಿಂದ ನೋಡೋಕೆ. ರೀ, ಪಾಪ, ಅವ್ರನ್ನ ನಿರಾಸೆ ಮಾಡ್ಬೇಡಿ."

"ಇನ್ನು ಒದೆಯೋದಿಲ್ಲ ಕಣೇ!" ಎಂದು ಮಹದೇವು ಎದ್ದು ನಿಂತ. "ಆಣೆ ಮಾಡ್ತೀನಿ, ಸುಮಾ. ಕತ್ತಲಲ್ಲಿ, ತಲೆ ಮೇಲೆ ನೀರು ಸುರೀತಿದ್ರೂ, ಒಬ್ನೇ ಹನ್ನೊಂದು ಸಲ ಮಾಸ್ಕಿನಿಂದ ನೀರು ಹೊರ್ಗೆ ಹಾಕ್ದೆ!"

ಸುಮಾ ಟವೆಲ್ ಹಿಂಡುವುದನ್ನು ನಿಲ್ಲಿಸಿ, ಪ್ರೀತಿಯಿಂದ ಕಣ್ಣರಳಿಸಿದಳು.

"ಹೌದಾ!" ಎಂದಳು. "ಹನ್ನೊಂದು ಸಲಾನಾ!"